ಎಕ್ಸೆಲ್ಲಕ್ಕನ ಅಳತೆ

ಬೊಂಬೆ ಮಾಡುವವರಿಗೆ ದಪ್ಪ ಹೆಂಗಸರ ಮೇಲೆ ಅದೇನು ಸಿಟ್ಟೋ ನನಗೆ ತಿಳಿಯದು. ನಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಬಟ್ಟೆ ತೊಡಿಸಿ ನೋಡಲು ಎರಡು ಬೊಂಬೆಗಳಿದ್ದವು. ಒಂದು ಸಣ್ಣ ಅಳತೆಯದು, ಇನ್ನೊಂದು ಮಧ್ಯಮ ಅಳತೆಯದು. ಎರಡಕ್ಕೂ ತಲೆಯಿಲ್ಲ, ಕೈಯಿಲ್ಲ, ಹೊಟ್ಟೆಯಂತೂ ಹೆಸರಿಗೂ ಇಲ್ಲ. ದೊಡ್ಡ ಅಳತೆಯ ಬೊಂಬೆ ಕೇಳಿದರೆ ಅಂಗಡಿಯವನು ಅಂಥದ್ದು ಬರುವುದೇ ಇಲ್ಲ ಎಂದನಂತೆ. ಬಂದಿದ್ದರೂ ನಮ್ಮ ಯಜಮಾನರು ಕೊಳ್ಳುತ್ತಿರಲಿಲ್ಲ. ಜೀವಂತ ಬೊಂಬೆಯೊಂದು ಅಂಚು ಮಡಿಚುವ ಮೇಜಿನಲ್ಲಿ ಕೂತು ದುಡಿಯುತ್ತಿರುವಾಗ ಇನ್ನೊಂದು ಯಾಕೆ ಬೇಕು ಎಂಬುದು ಅವರ ಲೆಕ್ಕಾಚಾರ.

ಆ ಜೀವಂತ ಬೊಂಬೆಯೇ ಎಕ್ಸೆಲ್ಲಕ್ಕ. ಹುಟ್ಟಿದಾಗ ಇಟ್ಟ ಹೆಸರು ಸಂಬಳ ಕೊಡುವವನಿಗೆ ಮಾತ್ರ ನೆನಪಿತ್ತು. ನಾವು ಹೊಲಿಯುವುದು ಯೂನಿಫಾರ್ಮ್. ಆಸ್ಪತ್ರೆಯ ನರ್ಸುಗಳದು, ಹೋಟೆಲಿನ ಹುಡುಗಿಯರದು, ದೊಡ್ಡ ಅಂಗಡಿಗಳ ಕೆಲಸದವರದು. ಹೊಸ ಆರ್ಡರು ಬಂದಾಗೆಲ್ಲ ಎಕ್ಸೆಲ್ ಎಂಬ ಚೀಟಿ ಹೊಲಿಯಬೇಕಾದ ಬಟ್ಟೆ ಇವಳ ಮೈಮೇಲೆಯೇ ಹುಟ್ಟುತ್ತಿತ್ತು. ಕಟಿಂಗ್ ಮಾಸ್ಟರ್ ಅವಳನ್ನು ಕಿಟಕಿಯ ಪಕ್ಕದ ಮಣೆಯ ಮೇಲೆ ನಿಲ್ಲಿಸಿ, ಬಟ್ಟೆ ಹೊದಿಸಿ, ಪಿನ್ನು ಚುಚ್ಚಿ, ಬಳಪದಿಂದ ಗೆರೆ ಎಳೆಯುತ್ತಿದ್ದ. ಅದಕ್ಕೆ ಎರಡು ಬೆರಳು ಸೇರಿಸಿದರೆ ಇನ್ನೂ ದೊಡ್ಡ ಅಳತೆ, ಎರಡು ಬೆರಳು ಕಳೆದರೆ ಒಂದು ಮೆಟ್ಟಿಲು ಚಿಕ್ಕದು. ಟೇಪು ಕುತ್ತಿಗೆಗೆ ಅಲಂಕಾರ. ಇಷ್ಟು ವರ್ಷ ಕತ್ತರಿಸಿದ ಕೈಗೆ ಟೇಪು ಹಿಡಿಯುವುದು ಅವಮಾನವೆಂದು ಅವನ ಭಾವನೆ.

ನಾನು ಅವಳೆದುರಿನ ಮೇಜಿನಲ್ಲಿ ಗುಂಡಿಗಳಿಗೆ ಕಾಜ ಹಾಕುವವಳು. ಕಾಜ ಹಾಕುವವಳ ಕಣ್ಣು ಬಟ್ಟೆಯ ಮೇಲಿದ್ದರೂ ಕಿವಿ ಬಿಡುವಾಗಿರುತ್ತದೆ. ಹಾಗಾಗಿ ಮಾಸ್ಟರನ ಜೋಕು ನನಗೆ ಬಾಯಿಪಾಠ.

"ಸ್ವಲ್ಪ ಈ ಕಡೆ ತಿರುಗಮ್ಮ. ನಿನ್ನ ಸುತ್ತ ಒಂದು ಸುತ್ತು ಬರೋದ್ರೊಳಗೆ ನನ್ನ ಬಳಪ ಸವೆದು ಹೋಗುತ್ತೆ."

ಅವನು ಪ್ರತಿ ಸಲವೂ ಇದನ್ನೇ ಆಗ ತಾನೇ ಹೊಳೆದ ಹಾಗೆ ಹೇಳುತ್ತಿದ್ದ. ಮೆಷಿನ್ನುಗಳ ಮುಂದೆ ಕೂತ ಹೆಂಗಸರು ಪ್ರತಿ ಸಲವೂ ಆಗ ತಾನೇ ಕೇಳಿದ ಹಾಗೆ ನಗುತ್ತಿದ್ದರು. ಎಕ್ಸೆಲ್ಲಕ್ಕನೂ ನಗುತ್ತಿದ್ದಳು. ನಗುತ್ತಲೇ ಹೊಟ್ಟೆ ಒಳಕ್ಕೆಳೆದುಕೊಂಡು, ಉಸಿರು ಬಿಗಿಹಿಡಿದು, ಮುಖ ಕೆಂಪಗಾಗುವವರೆಗೆ ನಿಲ್ಲುತ್ತಿದ್ದಳು.

ಆ ಮಣೆ ಅವಳ ಅನ್ನ. ಕೆಲಸ ಕಡಿಮೆಯಾಗುವ ತಿಂಗಳುಗಳಲ್ಲಿ ಯಜಮಾನರು ಅಂಚು ಮಡಿಚುವವರನ್ನು ಒಬ್ಬೊಬ್ಬರಾಗಿ ಮನೆಗೆ ಕಳಿಸುತ್ತಿದ್ದರು. ಅವಳನ್ನು ಮಾತ್ರ ಕಳಿಸುತ್ತಿರಲಿಲ್ಲ. "ಅವಳು ಹೋದ್ರೆ ಎಕ್ಸೆಲ್ ಯಾರ ಮೇಲೆ ಕತ್ತರಿಸ್ತೀರಿ?" ಎಂದು ಮಾಸ್ಟರನೇ ತಡೆಯುತ್ತಿದ್ದ. ಅವನ ಜೀವನದ ಏಕೈಕ ಉಪಕಾರ ಅದು, ಅದೂ ತನ್ನ ಅನುಕೂಲಕ್ಕೆ.

ಮನೆಯಲ್ಲಿ ಅವಳಿಗೆ ಗಂಡ, ಮತ್ತೆ ಗಂಡನ ತಂಗಿ. ಗಂಡ ಬಡಗಿ. ಮಾತಿನಲ್ಲಿ ಜಿಪುಣ. ಒಮ್ಮೆ ಅವಳಿಗಾಗಿ ಒಂದು ಕುರ್ಚಿ ಮಾಡಿ ತಂದ. ಆ ಕುರ್ಚಿಗೆ ಕೈಗಳಿರಲಿಲ್ಲ. ತನ್ನ ಮೈ ಕೈಗಳ ನಡುವೆ ಹಿಡಿಸುವುದಿಲ್ಲವೆಂದೇ ಹೀಗೆ ಮಾಡಿದ್ದಾನೆ ಎಂದುಕೊಂಡು ಅವಳು ಅಡುಗೆಮನೆಯಲ್ಲಿ ಗೋಡೆ ಕಡೆ ತಿರುಗಿ ಅತ್ತಳು. ಆ ಕುರ್ಚಿಯ ಮೇಲೆ ಬಹಳ ಕಾಲ ಕೂರಲೇ ಇಲ್ಲ. ಕೊನೆಗೆ ಕೇಳಿದ್ದಕ್ಕೆ ಅವನು, "ಮರ ಸಾಲಲಿಲ್ಲ ಕಣೆ," ಎಂದ. ಅಷ್ಟೇ ವಿಷಯ. ಮರ ಸಾಲದ್ದಕ್ಕೆ ಇವಳು ತನ್ನ ಸೊಂಟವನ್ನು ಬೈದುಕೊಂಡು ತಿಂಗಳುಗಟ್ಟಲೆ ನೆಲದ ಮೇಲೆ ಕೂತಿದ್ದಳು.

ನಾದಿನಿಯ ಕಥೆ ಬೇರೆ. ಕಡ್ಡಿಯಂಥ ಮೈ, ಕತ್ತರಿಯಂಥ ಬಾಯಿ. "ಅತ್ತಿಗೆ, ಬಾಗಿಲಲ್ಲಿ ನಿಂತ್ಕೋಬೇಡಿ, ಮನೆಗೆ ಬೆಳಕೇ ಬರ್ತಿಲ್ಲ," ಎನ್ನುವಳು. ಅದು ಪ್ರೀತಿಯಿಂದ ಹೇಳಿದ್ದಂತೆ. ಇಂಥವರ ಪ್ರೀತಿಗೆ ಯಾವಾಗಲೂ ಒಂದು ಮೊನೆ ಇದ್ದೇ ಇರುತ್ತದೆ.

ಬದಲಾವಣೆ ಶುರುವಾದದ್ದು ಬಸ್ಸಿನಲ್ಲಿ. ಪಕ್ಕದಲ್ಲಿ ಕೂತಿದ್ದ ಗಂಡಸು, ಕಾಲಗಲಿಸಿಕೊಂಡು ಸೀಟಿನ ಮುಕ್ಕಾಲು ಪಾಲನ್ನು ತಾನೇ ನುಂಗಿದ್ದವನು, ಎಲ್ಲರಿಗೂ ಕೇಳುವ ಹಾಗೆ, "ಅಮ್ಮಾ, ಎರಡು ಟಿಕೆಟ್ ತಗೊಂಡಿದ್ದೀರಾ?" ಎಂದ. ಬಸ್ಸು ನಕ್ಕಿತು. ಎಕ್ಸೆಲ್ಲಕ್ಕ ಮುಂದಿನ ನಿಲ್ದಾಣದಲ್ಲೇ ಇಳಿದು, ಸಿಟ್ಟಿನಲ್ಲಿ ದಾಪುಗಾಲು ಹಾಕುತ್ತ ಕೆಲಸಕ್ಕೆ ನಡೆದು ಬಂದಳು. ಮರುದಿನವೂ ಸಿಟ್ಟು ಇಳಿದಿರಲಿಲ್ಲ, ಮತ್ತೆ ನಡೆದಳು. ಹೀಗೆ ಬರುವಾಗ ಸಿಟ್ಟು, ಹೋಗುವಾಗ ಸಿಟ್ಟು. ಸಿಟ್ಟು ಇಳಿಯುವ ಮೊದಲೇ ಮೈ ಇಳಿಯತೊಡಗಿತು. ನಮ್ಮ ಕಾರ್ಖಾನೆ ಇರುವುದು ಮೂರನೆಯ ಮಹಡಿಯಲ್ಲಿ, ಲಿಫ್ಟು ಕೆಟ್ಟು ಯಾವ ಕಾಲವಾಯಿತೋ. ಮೊದಲು ಅವಳು ಪ್ರತಿ ತಿರುವಿನಲ್ಲೂ ಗೋಡೆ ಹಿಡಿದು ನಿಂತು, ಮಂಡಿ ನೀವಿಕೊಂಡು ಬರುತ್ತಿದ್ದಳು. ಆಮೇಲಾಮೇಲೆ ನನಗಿಂತ ಮೊದಲು ಮೇಲೆ ತಲುಪತೊಡಗಿದಳು.

ಇದನ್ನು ನೋಡಿ ಜನ ಸಂತೋಷಪಟ್ಟರೆಂದು ನೀವು ತಿಳಿದರೆ ನಿಮಗೆ ಜನರ ಪರಿಚಯವಿಲ್ಲ. ದಪ್ಪಗಿದ್ದಾಗ "ಸ್ವಲ್ಪ ಇಳಿಸಮ್ಮ" ಎಂದು ದಾರಿಯಲ್ಲಿ ನಿಲ್ಲಿಸಿ ಹೇಳುತ್ತಿದ್ದ ಬಾಯಿಗಳೇ ಈಗ, "ಯಾಕೆ ಇಷ್ಟು ಇಳಿದುಹೋಗಿದ್ದೀಯ? ಮನೇಲಿ ಎಲ್ಲಾ ಸರಿಯಾಗಿದೆ ತಾನೆ?" ಎಂದು ತಲೆ ಓರೆ ಮಾಡಿದವು. ಒಬ್ಬಳು ದನಿ ತಗ್ಗಿಸಿ, "ಸಕ್ಕರೆ ಕಾಯಿಲೆನಾ?" ಎಂದು ಕೇಳಿದಳು. ಇನ್ನೊಬ್ಬಳು ಗಂಡನಿಗೆ ಬೇರೆ ಸಂಬಂಧವಿರಬಹುದೆಂದು ತಾನೇ ನಿರ್ಧರಿಸಿ ಸಮಾಧಾನವನ್ನೂ ಹೇಳಿದಳು. ಏರಿದರೂ ತಪ್ಪು, ಇಳಿದರೂ ತಪ್ಪು. ದೇವರು ಕೊಟ್ಟ ಒಂದು ಮೈಗೆ ಊರೆಲ್ಲ ಯಜಮಾನರು.

ನಾದಿನಿಗೆ ಮಾತ್ರ ಒಂದು ಚಿಂತೆ. ಅತ್ತಿಗೆ ಇಳಿದ ಕೀರ್ತಿ ಯಾರಿಗೂ ಸಲ್ಲದೆ ಪೋಲಾಗುತ್ತಿದೆಯಲ್ಲ ಎಂದು. ಅವಳು ಅತ್ತಿಗೆಯನ್ನು ಎಳೆದುಕೊಂಡು ಹೋಗಿ, ತಾನು ಆಗಲೇ ಹೋಗುತ್ತಿದ್ದ, ಔಷಧಿ ಅಂಗಡಿಯ ಮೇಲಿನ ದೊಡ್ಡ ಕೋಣೆಯಲ್ಲಿ ನಡೆಯುವ ತೂಕ ಇಳಿಸುವ ಕ್ಲಾಸಿಗೆ ಸೇರಿಸಿದಳು. ಅದನ್ನು ನಡೆಸುವ ಹೆಂಗಸು ಬಾಯಿ ತೆರೆದರೆ, "ಹಗುರವಾಗಿ ಯೋಚಿಸಿ, ಹಗುರವಾಗಿರಿ," ಎನ್ನುತ್ತಿದ್ದುದರಿಂದ ಎಕ್ಸೆಲ್ಲಕ್ಕ ಅವಳನ್ನು ಹಗುರ ಮೇಡಂ ಎಂದು ಕರೆಯುತ್ತಿದ್ದಳು. ಗೋಡೆ ತುಂಬ ಕನ್ನಡಿ. ಎಲ್ಲರೂ ಸಾಲಾಗಿ ನಿಂತು ತಮ್ಮ ಪ್ರತಿಬಿಂಬಕ್ಕೆ, "ನಾನು ಹಗುರ, ನಾನು ಸುಂದರ, ನನ್ನ ನಾಳೆ ನನ್ನ ಕೈಯಲ್ಲಿದೆ," ಎಂದು ಹೇಳಬೇಕು. ಹೇಳಿ ಮುಗಿದ ಮೇಲೆ ಡಬ್ಬಿಯ ಪುಡಿ ಕೊಳ್ಳಬೇಕು. ಬೇಸರದ ಮಾತು ಅಲ್ಲಿ ನಿಷಿದ್ಧ. ಮಂಡಿ ನೋವು ಎಂದರೆ ಮೇಡಂ ಬೆರಳೆತ್ತಿ, "ನೆಗೆಟಿವ್," ಎನ್ನುವಳು.

ನಾನೂ ದಿನಾ ಬೆಳಿಗ್ಗೆ ದೇವರ ಮುಂದೆ ಕಣ್ಣು ಮುಚ್ಚಿ ಕೂರುವವಳೇ. ಆದರೆ ಅಲ್ಲಿ ಇಲ್ಲದ್ದನ್ನು ಇದೆ ಎಂದು ಹೇಳಿದ್ದಿಲ್ಲ. ಇರುವುದನ್ನು ಹೇಳಿ, ಹೊರಲು ಶಕ್ತಿ ಕೊಡು ಎಂದು ಕೇಳಿ ಎದ್ದು ಬರುತ್ತೇನೆ. ಕನ್ನಡಿಗೆ ಸುಳ್ಳು ಹೇಳಿದರೆ ಅದು ನಂಬುತ್ತದೆಯೇ?

ಸೇರಿದ ಮೊದಲ ವಾರವೇ ಹಗುರ ಮೇಡಂ ಎಕ್ಸೆಲ್ಲಕ್ಕನನ್ನು ಎಲ್ಲರ ಮುಂದೆ ನಿಲ್ಲಿಸಿ, "ನೋಡಿ, ನಮ್ಮ ವಿಧಾನದ ಫಲ," ಎಂದಳಂತೆ.

"ನಾನು ಇಳಿದಿದ್ದು ಒಬ್ಬ ದರಿದ್ರದವನ ಮೇಲಿನ ಸಿಟ್ಟಿಗೆ," ಎಂದು ಎಕ್ಸೆಲ್ಲಕ್ಕ ನನ್ನ ಹತ್ತಿರ ಹೇಳಿ ನಕ್ಕಳು. "ಅವನನ್ನೇ ಕರ್ಕೊಂಡು ಬಂದು ಕ್ಲಾಸ್ ಮಾಡಿಸಿದ್ರೆ ಎಲ್ಲರೂ ಬೇಗ ಇಳೀತಾರೆ."

ಅಲ್ಲಿ ಹೇಳಲಿಲ್ಲ ಯಾಕೆ ಎಂದು ಕೇಳಿದೆ. "ಯಾರೋ ಒಬ್ಬರು ನನ್ನ ಮೈ ತೋರಿಸಿ ಚೆನ್ನಾಗಿದೆ ಅಂದ್ರಲ್ಲ. ಸುಳ್ಳಾದ್ರೂ ಕೇಳೋಣ ಅನ್ನಿಸ್ತು," ಎಂದಳು. ಪಾಪ, ನಿಜಕ್ಕೂ ಇಳಿದಿದ್ದೇನೆ ಎಂದು ಅವಳಿಗೇ ನಂಬಿಕೆಯಿರಲಿಲ್ಲ. ಹಳೆಯ ದೊಗಲೆ ಅಂಗಿಗಳನ್ನೇ ತೊಡುತ್ತಿದ್ದಳು. ಈಗಲೂ ಬಾಗಿಲಲ್ಲಿ ಓರೆಯಾಗಿಯೇ ತೂರುತ್ತಿದ್ದಳು.

ಅದೇ ಹೊತ್ತಿಗೆ ನಮಗೆ ದೊಡ್ಡ ಆಸ್ಪತ್ರೆಯ ನರ್ಸುಗಳ ಆರ್ಡರು ಬಂದಿತ್ತು. ಹೊಸ ಮಾದರಿ, ಹೊಸ ಕಾಲರು. ಮಾಸ್ಟರ್ ಎಂದಿನಂತೆ ಅವಳನ್ನು ಮಣೆ ಹತ್ತಿಸಿದ, ಎಂದಿನಂತೆ ಬಳಪದ ಜೋಕು ಹೇಳಿದ. ಬಳಪ ಮೊದಲಿನಷ್ಟು ಸವೆಯುತ್ತಿಲ್ಲವೆಂಬುದು ಅವನಿಗೆ ಕಾಣಲಿಲ್ಲ. ಅವನು ಬಟ್ಟೆ ನೋಡುವವನೇ ಹೊರತು ಒಳಗಿರುವ ಮನುಷ್ಯರನ್ನು ನೋಡುವವನಲ್ಲ. ಮೆಷಿನ್ನಿನವರು ಅಭ್ಯಾಸಬಲದಿಂದ ನಕ್ಕರು. ಎಕ್ಸೆಲ್ಲಕ್ಕ ಅಭ್ಯಾಸಬಲದಿಂದ ಉಸಿರು ಹಿಡಿದಳು. ಗೆರೆ ಬಿತ್ತು, ಕತ್ತರಿ ಆಡಿತು, ರಾಶಿ ರಾಶಿ ಬಟ್ಟೆ ಹೊಲಿದು ಕಳಿಸಿದೆವು.

ಕ್ಲಾಸಿನಲ್ಲಿ ಜನ ಹೆಚ್ಚಾದರು. ಒಬ್ಬೊಬ್ಬರಾಗಿ, ಆಮೇಲೆ ಗುಂಪಾಗಿ, ನರ್ಸುಗಳು ಬರತೊಡಗಿದರು. ಹಗುರ ಮೇಡಂ ಇನ್ನೊಂದು ಗೋಡೆಗೂ ಕನ್ನಡಿ ಹಾಕಿಸಿದಳು. ಆ ನರ್ಸುಗಳಲ್ಲಿ ಒಬ್ಬಳು, ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುವ ದುಂಡು ಮುಖದವಳು, ಎಕ್ಸೆಲ್ಲಕ್ಕನ ಪಕ್ಕದಲ್ಲೇ ನಿಲ್ಲುತ್ತಿದ್ದಳು. ಬಾಯಿ ತುಂಬ ಅಕ್ಕಾ ಎನ್ನುತ್ತಿದ್ದಳು. ವಾರಗಳು ಕಳೆದ ಹಾಗೆ ಆ ಗುಳಿ ಮಾಯವಾಗಿ ಅಲ್ಲೊಂದು ಹಳ್ಳ ಬಿತ್ತು. ಒಂದು ಸಂಜೆ ಕನ್ನಡಿಗೆ "ನಾನು ಹಗುರ" ಎನ್ನುತ್ತಲೇ ಅವಳು ಕಣ್ಣು ಕತ್ತಲಿಟ್ಟು ಕುಸಿದಳು.

ನೀರು ಚಿಮುಕಿಸಿ ಎಬ್ಬಿಸಿದಾಗ ಅವಳು ಮೊದಲು ಹೇಳಿದ್ದು, "ಕ್ಷಮಿಸಿ," ಎಂದು. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಮೇಡಂ. ನಿನ್ನೇನೂ ಅಷ್ಟೇ."

"ಯಾಕಮ್ಮ ಹೀಗೆ ಮಾಡ್ಕೋತೀಯ?" ಎಂದಳು ಎಕ್ಸೆಲ್ಲಕ್ಕ.

"ನಾನು ಎಷ್ಟು ಊದಿದ್ದೀನಿ ಅಂತ ನಂಗೇ ಗೊತ್ತಿರಲಿಲ್ಲ ಅಕ್ಕ. ಹೊಸ ಯೂನಿಫಾರ್ಮ್ ಬಂತು ನೋಡಿ, ಗುಂಡಿನೇ ಹಾಕೋಕಾಗ್ಲಿಲ್ಲ. ಯಾವಾಗ್ಲೂ ಅದೇ ಅಳತೆ ನಂದು. ವಾರ್ಡಲ್ಲಿ ಬಗ್ಗಿದ್ರೆ ಎಲ್ಲಿ ಹರಿಯುತ್ತೋ ಅಂತ ಭಯ. ನಾನೊಬ್ಬಳೇ ಅಲ್ಲ, ನಮ್ಮ ಪಾಳಿಯ ದಪ್ಪನೋರೆಲ್ಲ ಅಷ್ಟೇ. ಕ್ಯಾಂಟೀನ್ ಊಟ ಸರಿಯಿಲ್ಲ ಅಂತ ಕಾಣುತ್ತೆ."

ಡ್ಯೂಟಿಯಿಂದ ನೇರ ಬಂದಿದ್ದ ಅವಳು ಆ ಯೂನಿಫಾರ್ಮಿನಲ್ಲೇ ಇದ್ದಳು. ಎಕ್ಸೆಲ್ಲಕ್ಕ ಅದರ ಅಂಚನ್ನು ಕೈಗೆತ್ತಿಕೊಂಡು ನೋಡಿದಳು. ಮಡಿಚಿದ್ದು ಅವಳದೇ ಕೈ. ಆಮೇಲೆ ಆ ಪಕ್ಕದ ಹೊಲಿಗೆಯನ್ನು ಮೇಲಿನವರೆಗೆ ಬೆರಳಿನಿಂದ ಸವರಿದಳು. ಸೊಂಟದ ತಿರುವೂ ಅವಳದೇ.

ಮರುದಿನ ಊಟದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ಕೂತು ನನಗೆ ಇದನ್ನೆಲ್ಲ ಹೇಳಿದಳು. ಡಬ್ಬಿ ತೆರೆದಿರಲಿಲ್ಲ.

"ಅವರ್ಯಾರೂ ಊದಿಲ್ಲ. ನಾನು ಇಳಿದಿದ್ದೀನಿ. ಆ ಮುಟ್ಠಾಳ ನೋಡ್ಲಿಲ್ಲ, ನಾನೂ ಯೋಚನೆ ಮಾಡ್ಲಿಲ್ಲ. ಆಸ್ಪತ್ರೆಯ ದಪ್ಪ ಹೆಂಗಸರೆಲ್ಲ ನನ್ನ ಮೈಯೊಳಗೆ ತೂರ್ಕೊಳ್ಳೋಕೆ ಉಪವಾಸ ಬಿದ್ದಿದ್ದಾರೆ."

ನನಗೆ ನಗು ಬಂತು. ಅವಳ ಮುಖ ನೋಡಿ ನುಂಗಿಕೊಂಡೆ.

"ಒಬ್ಬಳಾದ್ರೂ ಬಟ್ಟೆ ತಪ್ಪಾಗಿದೆ ಅಂದಿದ್ದಾಳಾ ನೋಡು," ಎಂದಳು. "ಅಷ್ಟು ಓದಿದವರು, ಅಷ್ಟು ಜನ. ಅಂಗಿ ಚಿಕ್ಕದಾಯ್ತು ಅಂತ ಒಂದು ಬಾಯಿಂದಾನೂ ಬರಲಿಲ್ಲ. ನಾನೇ ತಪ್ಪು, ನಾನೇ ತಪ್ಪು. ಕೈಯಿಲ್ಲದ ಕುರ್ಚಿ ನೋಡಿ ನಾನು ಅತ್ತೆನಲ್ಲ, ಹಾಗೆ."

"ಹೇಳಿಬಿಡು ಹಾಗಾದರೆ."

"ಹೇಳಿದ್ರೆ ಮಾಲು ವಾಪಸ್ ಬರುತ್ತೆ. ಮಾಸ್ಟರ್ ನನ್ನ ಕಡೆ ಕಣ್ಣು ಬಿಟ್ಟು ನೋಡ್ತಾನೆ. ಆಮೇಲೆ ಈ ಮೈ ಅವರಿಗೆ ಯಾಕೆ ಬೇಕು? ಕೆಲಸ ಕಡಿಮೆ ಆಗೋ ತಿಂಗಳು ಬಂದೇ ಬಿಡ್ತು." ಸ್ವಲ್ಪ ಹೊತ್ತು ಮಂಡಿ ಸವರಿಕೊಳ್ಳುತ್ತ ಕೂತಳು. "ಹೇಳದಿದ್ರೆ ಆ ಹುಡುಗಿ ಇನ್ನೊಂದು ಸಲ ಬೀಳ್ತಾಳೆ. ಕೈಯಲ್ಲಿ ಯಾವ ರೋಗಿ ಇರ್ತಾರೋ ಏನೋ."

ಕೆಲವು ಸಲ ಜನ ಉತ್ತರಕ್ಕಾಗಿ ಕೇಳುವುದಿಲ್ಲ. ತಮ್ಮ ದನಿ ತಾವೇ ಕೇಳಿಸಿಕೊಳ್ಳಲು ಒಂದು ಕಿವಿ ಬೇಕಿರುತ್ತದೆ. ಗಂಟೆ ಹೊಡೆಯಿತು. ಅವಳು ಎದ್ದು, ಡಬ್ಬಿಯನ್ನು ಹಾಗೆಯೇ ಕೈಯಲ್ಲಿ ಹಿಡಿದು ಒಳಗೆ ಹೋದಳು.

ಮುಂದಿನ ಕ್ಲಾಸಿಗೆ ನನ್ನನ್ನೂ ಕರೆದುಕೊಂಡು ಹೋದಳು. ಜೊತೆಗಿರಲಿ ಎಂದಿರಬೇಕು. ಎಲ್ಲರೂ ಕನ್ನಡಿಗೆ ಮುಖ ಮಾಡಿ ನಿಂತಿದ್ದಾಗ ಇವಳೊಬ್ಬಳು ಬೆನ್ನು ಮಾಡಿ ತಿರುಗಿದಳು.

"ನರ್ಸಮ್ಮಂದಿರು ಸ್ವಲ್ಪ ಕೇಳಿ. ನಿಮ್ಮ ಹೊಸ ಯೂನಿಫಾರ್ಮ್ ಹೊಲಿದಿದ್ದು ನಾವು. ಅದನ್ನು ಕತ್ತರಿಸಿದ್ದು ನನ್ನ ಮೈಮೇಲೆ. ನಾನು ಇಳಿದಿದ್ದು ಅವರಿಗೆ ಗೊತ್ತಾಗಲಿಲ್ಲ. ನೀವು ಇದ್ದ ಹಾಗೇ ಇದ್ದೀರಿ, ಬಟ್ಟೆ ಚಿಕ್ಕದಾಗಿದೆ. ಹೋಗಿ ಊಟ ಮಾಡಿ."

ಹಗುರ ಮೇಡಂ ಬೆರಳೆತ್ತಿದಳು. "ನೆಗೆಟಿವ್."

"ಇದರಲ್ಲಿ ನೆಗೆಟಿವ್ ಏನಿದೆ ಮೇಡಂ? ಊಟ ಮಾಡಿ ಅಂದೆ."

ಯಾರೂ ನಂಬಲಿಲ್ಲ. ಅದೇ ನನ್ನ ಹೊಟ್ಟೆ ಉರಿಸಿದ್ದು. ನೀನು ದಪ್ಪ ಎಂದರೆ ತಕ್ಷಣ ನಂಬಿದವರು, ನೀನು ದಪ್ಪಗಾಗಿಲ್ಲ ಎಂದರೆ ಸಾಕ್ಷಿ ಕೇಳಿದರು. ಒಬ್ಬಳು ಎಕ್ಸೆಲ್ಲಕ್ಕನನ್ನು ಮೇಲಿಂದ ಕೆಳಗೆ ನೋಡಿ, "ತಾನು ಇಳಿದ್ಮೇಲೆ ಬೇರೆಯವರು ಇಳೀಬಾರ್ದು ಅಂತ ಇರುತ್ತೆ ಕೆಲವರಿಗೆ," ಎಂದಳು. ಕೊನೆಗೆ ಗುಳಿಕೆನ್ನೆಯವಳೇ, ಎದುರು ಬೀದಿಯ ತನ್ನ ಕೋಣೆಗೆ ಹೋಗಿ ಹಳೆಯದು ಹೊಸದು ಎರಡೂ ಯೂನಿಫಾರ್ಮು ತಂದು, ಹಳೆಯದನ್ನು ನೆಲದ ಮೇಲೆ ಹಾಸಿ ಹೊಸದನ್ನು ಅದರ ಮೇಲಿಟ್ಟಳು. ಎರಡರ ಕುತ್ತಿಗೆಯಲ್ಲೂ ಅದೇ ಚೀಟಿ. ಎರಡೂ ಕಡೆ ಹಳೆಯದರ ಬಟ್ಟೆ ಕಾಲುವೆಯ ದಂಡೆಯ ಹಾಗೆ ಹೊರಗೆ ಉಳಿಯಿತು.

ಒಬ್ಬಳು ಕಿಸಕ್ಕನೆ ನಕ್ಕಳು, ಇನ್ನೊಬ್ಬಳು ತಾನು ಕೊಂಡ ಪುಡಿ ಡಬ್ಬಿಗಳನ್ನು ನೆನೆದು ಅಳುವುದೋ ನಗುವುದೋ ತಿಳಿಯದೆ ಕೂತಳು. ಗುಳಿಕೆನ್ನೆಯವಳು ಮಾತ್ರ, "ಹಾಗಾದ್ರೆ ನಾನು ಸುಮ್ನೆ..." ಎಂದು ಅರ್ಧಕ್ಕೇ ನಿಲ್ಲಿಸಿದಳು. ಮೇಡಂ ದೀಪ ಆರಿಸಿ, ಇವತ್ತಿಗೆ ಸಾಕು ಎಂದಳು. ಮುಂದಿನ ವಾರ ಕ್ಲಾಸು ಅರ್ಧ ಖಾಲಿಯಾಗಿತ್ತಂತೆ. ಉಳಿದರ್ಧ ಜನ ಆಗಲೂ ಕನ್ನಡಿಗೆ ಸುಳ್ಳು ಹೇಳುತ್ತಿದ್ದರಂತೆ. ನಾದಿನಿ ಅವರಲ್ಲೊಬ್ಬಳು. ಕಡ್ಡಿಯಂಥವಳಿಗೆ ಅಲ್ಲೇನು ಕೆಲಸ ಎಂದು ಆಗ ಹೊಳೆಯಿತು ನನಗೆ. ಅವಳಿಗೂ ತನ್ನ ಮೈ ಸರಿಯಿಲ್ಲ. ಬಾಯಿಯ ಮೊನೆ ಎಲ್ಲಿಂದ ಬಂತೆಂದು ತಿಳಿಯಿತು.

ಮಾಲು ಮೂಟೆಗಟ್ಟಲೆ ವಾಪಸ್ ಬಂತು. ಯಜಮಾನರು ಮಾಸ್ಟರನನ್ನು ಕರೆದು ಕೇಳಿದರು. ಮಾಸ್ಟರ್ ಮೊದಲ ಸಲ ಎಕ್ಸೆಲ್ಲಕ್ಕನನ್ನು ಕಣ್ಣು ಬಿಟ್ಟು ನೋಡಿದ. ಆಮೇಲೆ ಆಡಿದ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

"ಹೇಳದೆ ಕೇಳದೆ ಇಳಿದುಬಿಟ್ಟಿದ್ದೀಯಲ್ಲಮ್ಮ. ಇಳಿಯೋ ಮುಂಚೆ ಒಂದು ಮಾತು ಹೇಳಬೇಕು ಅಂತ ಗೊತ್ತಾಗಲ್ವಾ?"

ಯಜಮಾನರು ತಲೆದೂಗಿದರು. ಕಾರ್ಖಾನೆಯ ಸಾಮಾನನ್ನು ಅವಳು ಮನೆಗೊಯ್ದು ಹಾಳು ಮಾಡಿದ ಹಾಗಿತ್ತು ಅವರ ಮುಖ. ಆದರೂ ದೊಡ್ಡ ಮನಸ್ಸು ಮಾಡಿ, "ಹೋಗಲಿ ಬಿಡು. ಮುಂದಿನ ಆರ್ಡರಿಗೆ ಇನ್ನೂ ಟೈಮಿದೆ. ಚೆನ್ನಾಗಿ ತಿಂದುಂಡು ಮೊದಲಿನ ಹಾಗೆ ಆಗಿಬಿಡು. ನಿನ್ನ ಜಾಗ ಎಲ್ಲೂ ಹೋಗಲ್ಲ," ಎಂದರು.

ಮೆಷಿನ್ನುಗಳೆಲ್ಲ ನಿಂತಿದ್ದವು. ಎಕ್ಸೆಲ್ಲಕ್ಕ ಕೈಯಲ್ಲಿದ್ದ ಅಂಗಿಯನ್ನು ಮಡಿಚಿ ಮೇಜಿನ ಮೇಲಿಟ್ಟಳು.

"ಮೂರು ಮಹಡಿ ಹತ್ತಿದ್ರೂ ಈಗ ಮಂಡಿ ನೋಯಲ್ಲ ಸಾರ್. ಅದನ್ನ ನಿಮಗೆ ಕೊಡೋಕಾಗಲ್ಲ. ದಪ್ಪಗಿದ್ದಾಗ ನಾನೇನು ಕೆಟ್ಟೋಳಾಗಿರಲಿಲ್ಲ, ಈಗೇನು ಒಳ್ಳೆಯೋಳಾಗಿಲ್ಲ. ಮಾಸ್ಟರ್ ಹತ್ರ ಟೇಪಿದೆಯಲ್ಲ, ಅದನ್ನ ಕುತ್ತಿಗೆಯಿಂದ ಇಳಿಸಿ ಕೈಗೆ ತಗೊಳ್ಳೋಕೆ ಹೇಳಿ."

ಈ ಸಲ ಮೆಷಿನ್ನಿನವರು ನಕ್ಕದ್ದು ಬೇರೆ ಥರ.

ಅವಳನ್ನು ಮನೆಗೆ ಕಳಿಸುತ್ತಾರೆಂದೇ ನಾವೆಲ್ಲ ತಿಳಿದಿದ್ದೆವು. ಅವಳೂ ಸಂಜೆ ತನ್ನ ಕತ್ತರಿ, ಬೆರಳುಟೋಪಿ, ಡಬ್ಬಿ ಎಲ್ಲ ಚೀಲಕ್ಕೆ ಹಾಕಿಕೊಂಡಳು. ಕಳಿಸುವ ಮೊದಲೇ ಆಸ್ಪತ್ರೆಯ ಹಿರಿಯ ನರ್ಸಿನಿಂದ ಫೋನು ಬಂತು. ಇನ್ನು ಮೇಲೆ ಪ್ರತಿಯೊಬ್ಬರ ಅಳತೆಯನ್ನೂ ಅಲ್ಲಿಗೇ ಬಂದು ತೆಗೆದುಕೊಳ್ಳಬೇಕು. ಹೆಂಗಸೇ ಬರಬೇಕು. "ಬಳಪದ ಜೋಕು ಹೇಳೋ ಮಾಸ್ಟರ್ ಬೇಡ," ಎಂದರಂತೆ. ಆ ಜೋಕು ಅಲ್ಲಿಯವರೆಗೆ ಹೇಗೆ ಹೋಯಿತೋ ನಾನು ಕೇಳಲಿಲ್ಲ. ಯಜಮಾನರು ಕಾರ್ಖಾನೆಯಲ್ಲೆಲ್ಲ ಕಣ್ಣಾಡಿಸಿದರು. ಹೋಗುವುದಾದರೆ ಯಾರು ಹೋಗಬೇಕೆಂದು ಅವರಿಗೂ ಗೊತ್ತಿತ್ತು. ಹೇಳಲು ಅರ್ಧ ದಿನ ಹಿಡಿಯಿತು. ಈ ಅಳತೆ ತೆಗೆಯುವುದೊಂದು ಕೆಲಸ, ಅಷ್ಟೇ. ಆಮೇಲೇನು ಎಂದು ಅವರು ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಗುಂಡಿಯ ಜಾಗ ಗುರುತಿಸಲು ನಾನೂ ಜೊತೆಗೆ ಹೋದೆ. ನರ್ಸುಗಳು ವಿಶ್ರಾಂತಿ ತೆಗೆದುಕೊಳ್ಳುವ ಪುಟ್ಟ ಕೋಣೆ. ಎರಡು ಮಂಚ, ಒಂದು ಬೇಸಿನ್, ಬಾಗಿಲ ಹಿಂದೆ ನೇತುಹಾಕಿದ ಸ್ವೆಟರುಗಳು. ಒಬ್ಬೊಬ್ಬರಾಗಿ ಒಳಗೆ ಬಂದರು. ಎಕ್ಸೆಲ್ಲಕ್ಕ ಅಂಕಿಯನ್ನು ಯಾರಿಗೂ ಗಟ್ಟಿಯಾಗಿ ಓದಿ ಹೇಳಲಿಲ್ಲ. ಟೇಪನ್ನು ಬೆರಳಲ್ಲಿ ಹಿಡಿದು ನನಗೆ ತೋರಿಸುತ್ತಿದ್ದಳು, ಅಷ್ಟೇ.

ಗುಳಿಕೆನ್ನೆಯವಳು ಬಂದಳು. ಗುಳಿ ಪೂರ್ತಿ ಮರಳಿರಲಿಲ್ಲ. ಟೇಪು ಸೊಂಟ ಮುಟ್ಟಿದ್ದೇ ತಡ ಹೊಟ್ಟೆ ಒಳಗೆ ಹೋಯಿತು, ಭುಜ ಮೇಲೆದ್ದಿತು, ಕಣ್ಣು ಮುಚ್ಚಿತು. ಎಕ್ಸೆಲ್ಲಕ್ಕ ಟೇಪು ಬಿಗಿಯಲಿಲ್ಲ. ಹಾಗೇ ಕಾದು ನಿಂತಳು.

"ನಾನೂ ಅಷ್ಟು ವರ್ಷ ಹೀಗೇ ನಿಂತಿದ್ದೆ ಕಣಮ್ಮ," ಎಂದಳು. "ಅದಕ್ಕೇ ಈ ಊರಲ್ಲಿ ಎಲ್ಲರ ಅಂಗಿನೂ ಬಿಗಿ. ಉಸಿರು ಬಿಡು."

ಆ ಹುಡುಗಿ ಒಂದು ಕಣ್ಣು ತೆರೆದು ನೋಡಿದಳು.

"ಬಿಡು. ನನಗೇನು ಅವಸರ ಇಲ್ಲ."